ಸಿಸ್ಟರ್‌ಗೊಂದು ಪ್ರಶ್ನೆ: ಹೊಲಿಗೆ ಬಿಚ್ಚುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಇಲ್ಲಿ ಉತ್ತರ ಬರೆಯುತ್ತಿಲ್ಲ. ಪತ್ರ ಕೈಗೆ ಸಿಕ್ಕ ಮಧ್ಯಾಹ್ನವೇ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಬೇರೆ ಊರಿನಲ್ಲಿ ಲೈಪೊಸಕ್ಷನ್ (ಮೈಯ ಕೊಬ್ಬನ್ನು ಹೀರಿ ತೆಗೆಯುವ ಆಪರೇಷನ್) ಮಾಡಿಸಿಕೊಂಡು, ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಮನೆಗೆ ಬಂದಿದ್ದ ಹೆಣ್ಣುಮಗಳು. 'ಎಡಗಾಲಿನ ಮೀನಖಂಡ ಮಾತ್ರ ಊದಿದೆ, ಮುಟ್ಟಿದರೆ ಬಿಸಿ, ನೋವು. ಯಾವ ಮುಲಾಮು ಹಚ್ಚಿ ತಿಕ್ಕಲಿ?' ಅಂತ ಕೇಳಿದ್ದರು. ತಿಕ್ಕಲೇಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ ಅಂದೆ. ಸ್ಕ್ಯಾನ್ ಮಾಡಿದಾಗ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಈಗ ಅದಕ್ಕೆ ಔಷಧ ನಡೆಯುತ್ತಿದೆ, ಆರಾಮವಾಗಿದ್ದಾರೆ. ದಯವಿಟ್ಟು ಇಂಥದ್ದಕ್ಕೆ ಪತ್ರ ಬರೆದು ಕಾಯಬೇಡಿ. ಆಪರೇಷನ್ ಆದ ಮೇಲೆ ಒಂದೇ ಕಾಲು ಊದಿದರೆ, ಉಸಿರು ಕಟ್ಟಿದ ಹಾಗಾದರೆ, ಎದೆಯಲ್ಲಿ ಚುಚ್ಚಿದರೆ ಸೀದಾ ಆಸ್ಪತ್ರೆಗೆ ಹೋಗಿ.

ಉಳಿದ ಪತ್ರಗಳೂ ಸುಮಾರಾಗಿ ಅದೇ ವಿಷಯದವು: ದೂರದ ಊರಿಗೆ ಹೋಗಿ ರೂಪಕ್ಕಾಗಿ ಮಾಡಿಸಿಕೊಳ್ಳುವ ಕಾಸ್ಮೆಟಿಕ್ ಆಪರೇಷನ್, ಆಮೇಲಿನ ಆರೈಕೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನನಗೆ 38 ವರ್ಷ. ಎರಡು ಸಿಸೇರಿಯನ್ ಆಗಿದೆ. ಹೊಟ್ಟೆಯ ಚರ್ಮ ಜೋತುಬಿದ್ದಿದೆ, ವ್ಯಾಯಾಮಕ್ಕೆ ಬಗ್ಗುತ್ತಿಲ್ಲ. ರೈಲಿನಲ್ಲಿ ಹನ್ನೆರಡು ಗಂಟೆ ದೂರದ ಊರಿನಲ್ಲಿ ಟಮ್ಮಿ ಟಕ್ ಮಾಡಿಸಬೇಕು ಅಂತಿದ್ದೇನೆ. ಮೂರು ದಿನದ ಪ್ಯಾಕೇಜ್. ಮೊದಲ ದಿನ ಪರೀಕ್ಷೆ, ಎರಡನೇ ದಿನ ಆಪರೇಷನ್, ಮೂರನೇ ದಿನ ಡಿಸ್ಚಾರ್ಜ್. ಆಮೇಲಿನದೆಲ್ಲ ವಿಡಿಯೊ ಕಾಲ್‌ನಲ್ಲಿ ನೋಡುತ್ತಾರಂತೆ. ಜೊತೆಗೆ ಗೆಳತಿ ಬರುತ್ತಾಳೆ. ಮನೆಯಲ್ಲಿ ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಮೂರು ದಿನ ಸಾಕಲ್ವಾ ಸಿಸ್ಟರ್? ಏನೇನು ತೆಗೆದುಕೊಂಡು ಹೋಗಲಿ?

ಉತ್ತರ: ಸಾಲದು.

ಮಾಡಿಸಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಬರುವುದಿಲ್ಲ. ಹೊಟ್ಟೆ ನಿಮ್ಮದು, ತೀರ್ಮಾನವೂ ನಿಮ್ಮದೇ. ಆದರೆ ನಿಮ್ಮ ಮೂರು ದಿನದ ಲೆಕ್ಕದಲ್ಲಿ ಒಂದು ಪ್ರಶ್ನೆಗೆ ಉತ್ತರವೇ ಕಾಣಲಿಲ್ಲ. ಹೊಲಿಗೆ ಬಿಚ್ಚುವವರು ಯಾರು?

ಇದನ್ನು ಪೆಟ್ಟು ತಿಂದವಳಾಗಿ ಕೇಳುತ್ತಿದ್ದೇನೆ. ಹತ್ತೊಂಬತ್ತು ವರ್ಷ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. 44ನೇ ವಯಸ್ಸಿನಲ್ಲಿ ಸ್ತನದ ಗಾತ್ರ ಕಡಿಮೆ ಮಾಡುವ ಆಪರೇಷನ್ ಮಾಡಿಸಿಕೊಂಡೆ. ಬ್ರಾ ಪಟ್ಟಿ ಒತ್ತಿ ಒತ್ತಿ ಭುಜದಲ್ಲಿ ಗುಳಿ ಬಿದ್ದಿತ್ತು. ಕತ್ತು ನೋವಿಗೆ ಮಾತ್ರೆ ನುಂಗಿ ಸಾಕಾಗಿತ್ತು. ನಾನು ಕೆಲಸ ಮಾಡುವ ಕಡೆಯೇ ಮಾಡಿಸಿಕೊಂಡರೆ ಎಲ್ಲರ ಬಾಯಿಗೆ ಬೀಳುತ್ತೇನೆ ಅನ್ನುವ ನಾಚಿಕೆಯಿಂದ ದೂರದ ಊರಿಗೆ ಹೋದೆ, ನಾಲ್ಕನೇ ದಿನ ವಾಪಸ್ ಬಂದೆ. ಡ್ರೆಸ್ಸಿಂಗ್ ತಾನೇ, ಸಾವಿರಾರು ಮಾಡಿದ್ದೇನೆ, ನನ್ನದು ನಾನೇ ಮಾಡಿಕೊಂಡರಾಯಿತು ಅನ್ನುವ ಜಂಬ ಬೇರೆ.

ಒಂಬತ್ತನೇ ದಿನ ಬೆಳಿಗ್ಗೆ ಬಲಗಡೆ ಹೊಲಿಗೆ ಬಿಟ್ಟುಕೊಂಡಿತು. ಉದ್ದ ಗೆರೆಯೂ ಅಡ್ಡ ಗೆರೆಯೂ ಸೇರುವ ಮೂಲೆಯಲ್ಲಿ. ಅಲ್ಲಿ ಚರ್ಮದ ಎಳೆತ ಜಾಸ್ತಿ, ರಕ್ತದ ಓಡಾಟ ಕಡಿಮೆ, ಬಿಡುವುದಾದರೆ ಅಲ್ಲೇ ಬಿಡುವುದು. ಇದನ್ನು ಎಷ್ಟು ಜನಕ್ಕೆ ನಾನೇ ಹೇಳಿ ಸಮಾಧಾನ ಮಾಡಿದ್ದೆನೋ! ಆದರೆ ನಮ್ಮದೇ ಗಾಯವನ್ನು ಕನ್ನಡಿಯಲ್ಲಿ ಉಲ್ಟಾ ನೋಡುತ್ತಾ ಒರೆಸುವಾಗ ಕೈ ನಡುಗುತ್ತದೆ. ಹತ್ತಿರದ ಸರ್ಜನ್ ಒಬ್ಬರ ಬಳಿ ಹೋದೆ. ಗಾಯ ನೋಡದೆಯೇ 'ಎಲ್ಲಿ ಮಾಡಿಸಿದ್ರೋ ಅಲ್ಲೇ ತೋರಿಸಿ' ಅಂದರು. ಎರಡನೆಯವರೂ ಅದೇ ಮಾತು. ಆಪರೇಷನ್ ಮಾಡಿದವರಿಗೆ ಫೋನ್ ಮಾಡಿದರೆ 'ಫೋಟೊ ಕಳಿಸಿ' ಅಂದರು. ಮೂರನೆಯವರು ನೋಡಿದರು, ಬೈದುಕೊಂಡೇ ನೋಡಿದರು. ಐದು ವಾರ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಯಿತು. ಗಾಯ ಮಾಯಿತು, ಗುರುತು ಅಗಲವಾಗಿ ಉಳಿಯಿತು.

ಆ ಮೊದಲ ಇಬ್ಬರ ಮೇಲೆ ಆಗ ವಿಪರೀತ ಸಿಟ್ಟಿತ್ತು. ಈಗ ಇಲ್ಲ. ಒಳಗೆ ಯಾವ ದಾರ ಹಾಕಿದ್ದಾರೆ, ಏನು ತೆಗೆದಿದ್ದಾರೆ ಅಂತ ಗೊತ್ತಿಲ್ಲದೆ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಲು ಯಾರಿಗಾದರೂ ಅಳುಕಿರುತ್ತದೆ. ಅದಕ್ಕೇ ಹೇಳುತ್ತೇನೆ, ರೈಲಿನ ಟಿಕೆಟ್ ಮಾಡಿಸುವ ಮೊದಲು ನಿಮ್ಮ ಊರಿನಲ್ಲೇ ಒಬ್ಬ ಸರ್ಜನ್ ಹತ್ತಿರ ಹೋಗಿ. 'ಇಂಥ ದಿನ ಇಂಥ ಆಪರೇಷನ್ ಇದೆ, ವಾಪಸ್ ಬಂದ ಮೇಲೆ ನೀವು ನೋಡ್ತೀರಾ?' ಅಂತ ಬಾಯಿಬಿಟ್ಟು ಕೇಳಿ. ಹೂಂ ಅಂದವರ ನಂಬರನ್ನು ಅಲ್ಲಿಯ ಸರ್ಜನ್‌ಗೆ ಕೊಡಿ. ಇಬ್ಬರೂ ಒಮ್ಮೆ ಮಾತಾಡಿಕೊಂಡರೆ ಅರ್ಧ ಭಾರ ಇಳಿದ ಹಾಗೆ. ಯಾರೂ ಹೂಂ ಅನ್ನದಿದ್ದರೆ ಆ ಊರಿನಲ್ಲೇ ಹೆಚ್ಚು ದಿನ ಉಳಿಯಲು ತಯಾರಾಗಿ, ಇಲ್ಲವೇ ಹತ್ತಿರದಲ್ಲೇ ಮಾಡಿಸಿಕೊಳ್ಳುವ ದಾರಿ ನೋಡಿ.

ಈಗ ದಿನದ ಲೆಕ್ಕಕ್ಕೆ ಬರೋಣ. ಟಮ್ಮಿ ಟಕ್ ಅನ್ನುವ ಹೆಸರು ಕೇಳಲು ಮುದ್ದಾಗಿದೆ, ಕೆಲಸ ಮಾತ್ರ ದೊಡ್ಡದು. ಈ ಸೊಂಟದಿಂದ ಆ ಸೊಂಟದವರೆಗೆ ಕೊಯ್ದು, ಚರ್ಮವನ್ನು ಪಕ್ಕೆಲುಬಿನ ತನಕ ಬಿಡಿಸಿ ಎತ್ತಿ, ಸಡಿಲವಾದ ಸ್ನಾಯುವನ್ನು ಬಿಗಿಯಾಗಿ ಹೊಲಿದು, ಹೆಚ್ಚಾದ ಚರ್ಮ ಕತ್ತರಿಸಿ, ಹೊಕ್ಕಳಿಗೆ ಹೊಸ ತೂತು ಮಾಡುತ್ತಾರೆ. ಮೊದಲ ವಾರ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಬಗ್ಗಿಕೊಂಡೇ ನಡೆಯಬೇಕು. ಎಷ್ಟೋ ಜನಕ್ಕೆ ಎರಡು ಡ್ರೈನ್ ನಳಿಕೆ ಹಾಕಿರುತ್ತಾರೆ. ಅದರಲ್ಲಿ ಸೇರುವ ನೀರನ್ನು ದಿನಾ ಅಳೆದು ಬರೆದಿಡಬೇಕು. 24 ಗಂಟೆಯಲ್ಲಿ ಸುಮಾರು 30 ಎಂಎಲ್‌ಗಿಂತ ಕಡಿಮೆ ಬಂದಾಗ ತೆಗೆಯುವುದು ವಾಡಿಕೆ. ಅದಕ್ಕೆ ಒಂದು ವಾರವೂ ಆಗಬಹುದು, ಎರಡು ವಾರವೂ ಆಗಬಹುದು. ಅಂದರೆ ಮೂರನೇ ದಿನ ನೀವು ರೈಲು ಹತ್ತುವಾಗ ಹೊಟ್ಟೆಯಿಂದ ಎರಡು ನಳಿಕೆ ನೇತಾಡುತ್ತಿರುತ್ತವೆ. ಮೇಲಿನ ಬರ್ತ್ ಸಿಕ್ಕಿದರೆ ಏನು ಮಾಡುತ್ತೀರಿ? (ಡ್ರೈನ್ ಹಾಕದೆ ಒಳಹೊಲಿಗೆಯಿಂದಲೇ ಜಾಗ ಮುಚ್ಚುವ ಸರ್ಜನ್‌ಗಳೂ ಇದ್ದಾರೆ. ನಿಮ್ಮವರು ಏನು ಮಾಡುತ್ತಾರೆ, ಮೊದಲೇ ಕೇಳಿಕೊಳ್ಳಿ.)

ಡ್ರೈನ್ ತೆಗೆದ ಮೇಲೂ ಚರ್ಮದ ಕೆಳಗೆ ನೀರು ತುಂಬಿಕೊಳ್ಳಬಹುದು. ಸಿರೋಮಾ ಅನ್ನುತ್ತಾರೆ. ಒಂದು ಕಡೆ ತಟ್ಟಿದರೆ ಇನ್ನೊಂದು ಕಡೆ ಅಲೆ ಎದ್ದ ಹಾಗಾಗುತ್ತದೆ. ಸೂಜಿ ಹಾಕಿ ಎಳೆದು ತೆಗೆಯುತ್ತಾರೆ, ಕೆಲವರಿಗೆ ನಾಲ್ಕೈದು ಸಲ ಬೇಕಾಗುತ್ತದೆ. ವಿಡಿಯೊ ಕಾಲ್‌ನಲ್ಲಿ ಸೂಜಿ ಹಾಕಲು ಆಗುತ್ತದಾ, ಕ್ಲಿನಿಕ್‌ನವರನ್ನೇ ಕೇಳಿ ನೋಡಿ.

ಇನ್ನು ರಕ್ತ ಹೆಪ್ಪುಗಟ್ಟುವ ಭಯ. ಕಾಸ್ಮೆಟಿಕ್ ಆಪರೇಷನ್‌ಗಳಲ್ಲಿ ಇದು ಹೆಚ್ಚು ಕಾಡುವುದೇ ಟಮ್ಮಿ ಟಕ್ ಆದವರನ್ನು. ಹೊಟ್ಟೆ ಬಿಗಿದಿರುತ್ತದೆ, ಓಡಾಟ ಇರುವುದಿಲ್ಲ, ಕಾಲಿನ ರಕ್ತ ನಿಧಾನವಾಗಿ ಹರಿಯುತ್ತದೆ. ಅದರ ಮೇಲೆ ಗಂಟೆಗಟ್ಟಲೆ ಒಂದೇ ಕಡೆ ಕೂತರೆ ಕೇಳಬೇಕೇ? ವಿಮಾನ ಹತ್ತಲು ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ಸ್ತನದ ಆಪರೇಷನ್ ಅಥವಾ ಲೈಪೊಸಕ್ಷನ್ ಆದರೆ 5ರಿಂದ 7 ದಿನ, ಮುಖದ್ದು ಅಥವಾ ಟಮ್ಮಿ ಟಕ್ ಆದರೆ 7ರಿಂದ 10 ದಿನ ತಡೆಯಬೇಕು. ನಮ್ಮದು ರೈಲು, ವಿಮಾನ ಅಲ್ಲವಲ್ಲ ಅನ್ನಬೇಡಿ. ಮಡಚಿ ಕೂತ ಕಾಲಿಗೆ ನೆಲ ಯಾವುದು ಆಕಾಶ ಯಾವುದು ಅಂತ ಗೊತ್ತಾಗುವುದಿಲ್ಲ. ರೈಲಿನಲ್ಲಿ ಇರುವ ಒಂದೇ ಅನುಕೂಲ ಅಂದರೆ ಎದ್ದು ಓಡಾಡಬಹುದು. ಗಂಟೆಗೊಮ್ಮೆ ಓಡಾಡಿ, ನೀರು ಕುಡಿಯಿರಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮನೆತನದಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ. ಸಿಗರೇಟಿನ ಅಭ್ಯಾಸ ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ನಿಕೋಟಿನ್‌ನಿಂದ ಸಣ್ಣ ರಕ್ತನಾಳಗಳು ಮುದುರಿಕೊಂಡು, ಎತ್ತಿ ಹೊಲಿದ ಚರ್ಮದ ಅಂಚು ಕಪ್ಪಾಗಿ ಸತ್ತುಹೋಗುತ್ತದೆ. ವಾರ್ಡಿನಲ್ಲಿ ಆ ಕಪ್ಪನ್ನು ನೋಡಿದ್ದೇನೆ, ಮರೆಯುವಂಥದ್ದಲ್ಲ.

ಹಾಗಾಗಿ ಕನಿಷ್ಠ ಹತ್ತು ದಿನ ಅಲ್ಲೇ ಇರಿ. ಡ್ರೈನ್ ಇದ್ದರೆ ಅದು ಹೋಗುವ ತನಕ. ಉಳಿಯುವ ಕೋಣೆ ಆಸ್ಪತ್ರೆಗೆ ಹತ್ತಿರ ಇರಲಿ, ಲಿಫ್ಟ್ ಇರಲಿ, ಕಮೋಡ್ ಎತ್ತರದ್ದಿರಲಿ. ಗೆಳತಿ ಎಷ್ಟು ದಿನ ಇರುತ್ತಾಳೆ ಅಂತ ನೀವು ಬರೆದಿಲ್ಲ. ಎರಡು ದಿನಕ್ಕೆ ಬರುವವಳಾದರೆ ಮೂರನೇ ದಿನಕ್ಕೆ ಇನ್ನೊಬ್ಬರನ್ನು ಗೊತ್ತು ಮಾಡಿಕೊಳ್ಳಿ. ಮಂಡಿ ಮಡಚಿ, ಬೆನ್ನು ಎತ್ತರಿಸಿ ಮಲಗಿದವಳು ಒಬ್ಬಳೇ ಏಳುವುದು ಕಷ್ಟ.

ಕ್ಲಿನಿಕ್‌ನವರಿಗೆ ಕೇಳಬೇಕಾದ್ದು: ಅರಿವಳಿಕೆ ಕೊಡುವ ಡಾಕ್ಟರ್ ಯಾರು? ರಾತ್ರಿ ಎರಡು ಗಂಟೆಗೆ ರಕ್ತಸ್ರಾವ ಆದರೆ ಅಲ್ಲಿ ಯಾರಿರುತ್ತಾರೆ? ಐಸಿಯು ಬೇಕಾದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ? ಮತ್ತೆ ಆಪರೇಷನ್ ಬೇಕಾದರೆ ಖರ್ಚು ಯಾರದು? ಉತ್ತರ ಕೊಡಲು ತಡವರಿಸಿದರೆ ಅದೇ ಒಂದು ಉತ್ತರ.

ಗುಟ್ಟಿನ ವಿಷಯ. ನಿಮ್ಮ ಚಿಕ್ಕ ಮಗು ಎತ್ತಿಕೋ ಅನ್ನುವ ವಯಸ್ಸಿನದಾ? ಸುಮಾರು ಆರು ವಾರ ಎತ್ತುವ ಹಾಗಿಲ್ಲ. ತುಂಬಿದ ಬಕೆಟ್ಟೂ ಬೇಡ. ಹೊಟ್ಟೆಗೆ ಬೆಲ್ಟ್ ಬೇರೆ ಕಟ್ಟಿರುತ್ತೀರಿ. ಇದನ್ನೆಲ್ಲ ಒಂದೇ ಮನೆಯಲ್ಲಿ ಬಚ್ಚಿಡುವುದು ನಾಟಕವಾಗುತ್ತದೆ. ಗಂಡ ಕೆಲಸಕ್ಕೆ ಹೋದಾಗ ಜ್ವರ ಬಂದರೆ ಆಟೊ ಕರೆಯಲಾದರೂ ಒಬ್ಬರು ಬೇಕಲ್ಲ. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿಗಾದರೂ ಹೇಳಿ.

ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಸೋಂಕು ಅಂದರೆ ಮೊದಲ ವಾರದಲ್ಲೇ ಬರಬೇಕು ಅಂತಿಲ್ಲ. 2013-14ರಲ್ಲಿ ಅಮೆರಿಕದಿಂದ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ ಕಾಸ್ಮೆಟಿಕ್ ಆಪರೇಷನ್ ಮಾಡಿಸಿಕೊಂಡು ಬಂದ 21 ಮಂದಿಯಲ್ಲಿ ಕ್ಷಯದ ಸೂಕ್ಷ್ಮಾಣುವಿನ ಜಾತಿಗೆ ಸೇರಿದ ಮೈಕೋಬ್ಯಾಕ್ಟೀರಿಯಾ ಸೋಂಕು ಕಂಡಿತ್ತು. ಇದು ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ ಗಂಟುಗಂಟಾಗಿ ಎದ್ದು ಸೋರುತ್ತದೆ. ಸಾಮಾನ್ಯ ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಚಿಕಿತ್ಸೆಗೆ ತಿಂಗಳುಗಳೇ ಬೇಕು. ಹಾಗೇ 2023ರಲ್ಲಿ ಮೆಕ್ಸಿಕೊದ ಗಡಿ ಊರಾದ ಮಾಟಮೊರೋಸ್‌ನ ಎರಡು ಕ್ಲಿನಿಕ್‌ಗಳಲ್ಲಿ ಬೆನ್ನಿಗೆ ಮತ್ತಿನ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಮಿದುಳಿನ ಪೊರೆಗೇ ಫಂಗಸ್ ಸೋಂಕು ತಗಲಿತು. ಸಾವುಗಳೂ ಆದವು. ಮನೆಗೆ ವಾಪಸಾದ ಮೇಲೆ ಶುರುವಾಗಿದ್ದು ಬರೀ ತಲೆನೋವು. ಹೊಟ್ಟೆಯ ಆಪರೇಷನ್‌ಗೂ ತಲೆನೋವಿಗೂ ಸಂಬಂಧ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ? ಇಂಥವು ಅಪರೂಪ, ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಮುಂದಿನ ಆರು ತಿಂಗಳು ಯಾವ ಡಾಕ್ಟರ್ ಹತ್ತಿರ ಯಾವ ಕಾಯಿಲೆಗೆ ಹೋದರೂ, ಎಲ್ಲಿ ಯಾವಾಗ ಏನು ಮಾಡಿಸಿದ್ದೀರಿ ಅಂತ ನಾಚದೆ ಹೇಳಿಬಿಡಿ. ಗಾಯ ಸೋರುತ್ತಿದ್ದರೆ ಅದನ್ನು ಕಲ್ಚರ್‌ಗೆ (ಲ್ಯಾಬಿನಲ್ಲಿ ಸೂಕ್ಷ್ಮಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುವಾಗ ಮೈಕೋಬ್ಯಾಕ್ಟೀರಿಯಾಕ್ಕೂ ನೋಡಬೇಕಾ ಅಂತ ಕೇಳಿ.

ಚೀಲಕ್ಕೆ: ಮುಂದೆ ಗುಂಡಿ ಇರುವ ಸಡಿಲ ಬಟ್ಟೆ, ಬಗ್ಗದೆ ಹಾಕಬಹುದಾದ ಚಪ್ಪಲಿ, ಥರ್ಮಾಮೀಟರ್, ಡ್ರೈನ್ ಲೆಕ್ಕಕ್ಕೆ ಸಣ್ಣ ನೋಟ್‌ಬುಕ್, ಎರಡು ದಿಂಬು. ಬರುವಾಗ ಡಿಸ್ಚಾರ್ಜ್ ಚೀಟಿ ಒಂದೇ ಸಾಲದು. ಆಪರೇಷನ್ ನೋಟ್ಸ್ ಕೇಳಿ ಪಡೆಯಿರಿ. ಕರಗುವ ದಾರ ಯಾವುದು, ತೆಗೆಯಬೇಕಾದ ಹೊಲಿಗೆ ಎಷ್ಟು, ಕೊಟ್ಟ ಆಂಟಿಬಯೋಟಿಕ್ ಯಾವುದು, ಎಲ್ಲ ಅದರಲ್ಲಿರಬೇಕು. ಕೊಡಲು ಹಿಂದೆಮುಂದೆ ನೋಡಿದರೆ ಕೌಂಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಡಿ. ಹೇಗೂ ನೆಟ್ಟಗೆ ನಿಲ್ಲಲು ಆಗುವುದಿಲ್ಲವಲ್ಲ!

ಪ್ರಶ್ನೆ: ನನಗೆ 24. ಗಂಡಸರ ಎದೆ ದಪ್ಪವಾಗಿರುವುದಕ್ಕೆ ಮಾಡುವ ಗೈನಕೊಮಾಸ್ಟಿಯಾ ಆಪರೇಷನ್ ಮಾಡಿಸಬೇಕು. ಬೆಳಿಗ್ಗೆ ಹೋಗಿ ಸಂಜೆ ಬಿಡುತ್ತಾರಂತೆ. ಅದೇ ರಾತ್ರಿ ಬಸ್ ಹತ್ತಿ ಬಂದು, ಮಾರನೇ ದಿನ ಬೈಕಿನಲ್ಲಿ ಕೆಲಸಕ್ಕೆ ಹೋಗಬಹುದಾ? ರೂಮಿನ ಹುಡುಗರಿಗೆ ಗೊತ್ತಾಗಬಾರದು.

ಉತ್ತರ: ನೋಡಪ್ಪಾ, ಸಂಜೆ ಬಿಡುತ್ತಾರೆ ಅಂದರೆ ಆಸ್ಪತ್ರೆಯ ಹಾಸಿಗೆಯಿಂದ ಬಿಡುತ್ತಾರೆ. ಊರು ಬಿಡು ಅಂದ ಹಾಗಲ್ಲ.

ಈ ಆಪರೇಷನ್‌ನಲ್ಲಿ ಮೊದಲು ಎದುರಾಗುವ ತೊಂದರೆ ಒಳಗೆ ರಕ್ತ ತುಂಬುವುದು. ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲೇ ಆಗುತ್ತದೆ. ಒಂದೇ ಕಡೆ ಗಟ್ಟಿಯಾಗಿ ಉಬ್ಬುತ್ತದೆ, ನೋವು ಏರುತ್ತಾ ಹೋಗುತ್ತದೆ. ಹಾಗಾದರೆ ಮತ್ತೆ ತೆಗೆದು ತೊಳೆಯಬೇಕು. ಅದು ನಡುರಾತ್ರಿ ಹೆದ್ದಾರಿಯಲ್ಲಿ, ಬಸ್ಸಿನ ಸೀಟಿನಲ್ಲಿ ಶುರುವಾದರೆ ಏನು ಮಾಡುತ್ತೀಯಾ? ಅರಿವಳಿಕೆ ಕೊಟ್ಟ ದಿನ ಒಬ್ಬನೇ ಪ್ರಯಾಣ ಮಾಡುವುದೂ ತಪ್ಪು. ಮಾರನೇ ದಿನದ ಚೆಕಪ್ ಮುಗಿಸಿ, ಇನ್ನೂ ಒಂದೆರಡು ದಿನ ಅಲ್ಲೇ ಇದ್ದು, ಸರ್ಜನ್ ಹೂಂ ಅಂದ ಮೇಲೆ ಹೊರಡು. ಬೈಕ್ ಎರಡು ವಾರ ಮುಟ್ಟಬೇಡ. ಹ್ಯಾಂಡಲ್ ಎಳೆದಾಗ ಎದೆಯೇ ಎಳೆಯುವುದು. ಜಿಮ್ಮಿನಲ್ಲಿ ಭಾರ ಎತ್ತುವುದು ನಾಲ್ಕರಿಂದ ಆರು ವಾರ ಬೇಡ.

ರೂಮಿನ ಹುಡುಗರ ಮಾತಿಗೆ ಬಂದರೆ, ಅಷ್ಟೇ ದಿನ ಎದೆಗೆ ಬಿಗಿಯಾದ ವೆಸ್ಟ್ ಹಾಕಿಕೊಂಡಿರಬೇಕು. ರಾತ್ರಿಯೂ. ಒಂದೇ ಕೋಣೆಯಲ್ಲಿ ಅದನ್ನು ಮುಚ್ಚಿಡುವುದು ಆಗದ ಮಾತು. ಒಬ್ಬನಿಗೆ ಹೇಳು, ಸ್ವಲ್ಪ ಬಾಯಿ ಬಿಗಿ ಇರುವವನಿಗೆ.

ಒಂದು ಮಾತು ಕೇಳಲೇಬೇಕು. ಎದೆ ಯಾಕೆ ದಪ್ಪವಾಯಿತು ಅಂತ ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಹರೆಯದಲ್ಲಿ ಬಂದದ್ದು ಹೆಚ್ಚಿನವರಿಗೆ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಈಚೆಗೆ ಬಂದದ್ದಾದರೆ ಕೆಲವು ಮಾತ್ರೆಗಳಿಂದ, ಜಿಮ್ಮಿನಲ್ಲಿ ಸಿಗುವ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ, ಹಾರ್ಮೋನ್ ಏರುಪೇರಿನಿಂದ ಬಂದಿರಬಹುದು. ಅದನ್ನು ನಿಲ್ಲಿಸದೆ ಕತ್ತರಿಸಿದರೆ ಮತ್ತೆ ಬರುತ್ತದೆ. ಯಾವುದಾದರೂ ಚುಚ್ಚಿಸಿಕೊಂಡಿದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡ.

ಪ್ರಶ್ನೆ: ಮೂಗಿನ ಆಪರೇಷನ್ ಆಗಿ ಎಂಟು ದಿನ. ಮನೆಗೆ ಬಂದಿದ್ದೇನೆ. ಮೇಲಿನ ಪ್ಲಾಸ್ಟರ್ ತೆಗೆಸಲು ಮತ್ತೆ ಅಷ್ಟು ದೂರ ಹೋಗಬೇಕಾ, ನಾನೇ ತೆಗೆಯಬಹುದಾ? ಮೂಗು ಮೊದಲಿಗಿಂತ ದಪ್ಪ ಕಾಣುತ್ತಿದೆ. ಕ್ಲಿನಿಕ್‌ಗೆ ಫೋಟೊ ಕಳಿಸಿದರೆ ಬರೀ ಹೆಬ್ಬೆಟ್ಟಿನ ಚಿತ್ರ ಬರುತ್ತದೆ. ದಿನಾ ಅಳು ಬರುತ್ತಿದೆ.

ಉತ್ತರ: ಮೊದಲು ಅಳುವಿನ ಬಗ್ಗೆ. ಮೊದಲ ಎರಡು ವಾರ ಎಷ್ಟೋ ಜನಕ್ಕೆ ಹೀಗಾಗುತ್ತದೆ. ನನಗೂ ಆಗಿತ್ತು. ನೋವಿನ ಮಾತ್ರೆ, ನಿದ್ದೆ ಇಲ್ಲದ್ದು, ಊದಿದ ಮುಖ, ಎಲ್ಲ ಸೇರಿ ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತದೆ. ನಂಬಿಕೆಯ ಒಬ್ಬರ ಹತ್ತಿರ ಹೇಳಿಕೊಂಡು ಅತ್ತುಬಿಡಿ. ಎರಡು ವಾರ ಕಳೆದರೂ ಹಾಗೇ ಇದ್ದರೆ, ಬದುಕೇ ಬೇಡ ಅನ್ನಿಸಿದರೆ ಆ ದಿನವೇ ಡಾಕ್ಟರ್ ಹತ್ತಿರ ಮಾತಾಡಿ.

ಎಂಟನೇ ದಿನ ಕಾಣುತ್ತಿರುವುದು ಮೂಗಲ್ಲ, ಊತ. ಮೂಗಿನ ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷವೇ ಬೇಕಾಗಬಹುದು. ಕನ್ನಡಿಯನ್ನು ದಿನಾ ವಿಚಾರಣೆ ಮಾಡಬೇಡಿ.

ಪ್ಲಾಸ್ಟರ್ ನೀವೇ ಕೀಳಬೇಡಿ. ಹೊರಗಿನದು ಸುಲಭವಾಗಿ ಬರಬಹುದು, ಆದರೆ ಒಳಗೆ ಹೊಲಿಗೆ ಇದೆಯಾ, ಒಳ ಪಟ್ಟಿ ಇಟ್ಟಿದ್ದಾರಾ ಅಂತ ನಿಮಗೆ ಗೊತ್ತಿಲ್ಲ. ಇದಕ್ಕೆ ಅಷ್ಟು ದೂರ ಹೋಗುವುದೂ ಬೇಡ. ಹತ್ತಿರದ ಇಎನ್‌ಟಿ ಡಾಕ್ಟರ್ ಹತ್ತಿರ ಕಾಗದ ತೆಗೆದುಕೊಂಡು ಹೋಗಿ, ಅಲ್ಲಿಂದಲೇ ನಿಮ್ಮ ಸರ್ಜನ್‌ಗೆ ಫೋನ್ ಹಚ್ಚಿ ಇಬ್ಬರನ್ನೂ ಮಾತಾಡಿಸಿ. ಕನ್ನಡಕ ಹಾಕುವವರಾದರೆ ಕೆಲವು ವಾರ ಅದು ಮೂಗಿನ ಮೇಲೆ ಕೂರಬಾರದು. ಸೀನು ಬಂದರೆ ಬಾಯಿ ತೆರೆದು ಸೀನಿ. ಮೂಗು ಸೀಟಬೇಡಿ.

ಹೆಬ್ಬೆಟ್ಟಿನ ಚಿತ್ರಕ್ಕೆ ನಿಮ್ಮ ಪ್ರಶ್ನೆಯೂ ಸ್ವಲ್ಪ ಕಾರಣ ಇರಬಹುದು. 'ಹೇಗಿದೆ ಡಾಕ್ಟ್ರೇ' ಅಂದರೆ ಹೆಬ್ಬೆಟ್ಟೇ ಬರುವುದು. ಕಿಟಕಿಯ ಬೆಳಕಿನಲ್ಲಿ, ಒಂದೇ ದೂರದಿಂದ, ಎದುರಿನದೊಂದು, ಎರಡು ಪಕ್ಕದ್ದು ಫೋಟೊ ತೆಗೆಯಿರಿ. ಜೊತೆಗೆ ಎಷ್ಟನೇ ದಿನ, ಜ್ವರ ಎಷ್ಟು, ನೋವು ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಅಂತ ಬರೆಯಿರಿ. ಕೊನೆಗೆ ಹೌದು ಅಥವಾ ಅಲ್ಲ ಅನ್ನಬೇಕಾದ ಒಂದೇ ಪ್ರಶ್ನೆ ಕೇಳಿ. ಮೂಗಿನ ಎರಡೂ ಹೊಳ್ಳೆ ಪೂರ್ತಿ ಕಟ್ಟಿ ನೋವು ಏರಿದರೆ, ಜ್ವರ ಬಂದರೆ, ತಿಳಿನೀರು ತೊಟ್ಟಿಕ್ಕುತ್ತಲೇ ಇದ್ದರೆ, ರಕ್ತ ನಿಲ್ಲದಿದ್ದರೆ ಫೋಟೊ ತೆಗೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹನ್ನೆರಡು ವರ್ಷದ ಹಿಂದೆ ಬೇರೆ ದೇಶದಲ್ಲಿ ಸ್ತನಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡೆ. ಆ ಕ್ಲಿನಿಕ್ ಈಗ ಇಲ್ಲ. ಯಾವ ಕಂಪನಿಯದು ಅಂತಲೂ ಗೊತ್ತಿಲ್ಲ. ಏನೂ ತೊಂದರೆ ಇಲ್ಲ. ಸುಮ್ನೆ ಬಿಟ್ಟರೆ ಆಗಲ್ವಾ?

ಉತ್ತರ: ತೊಂದರೆ ಇಲ್ಲದಿದ್ದರೆ ಹೆದರಿ ತೆಗೆಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಯಾವುದು ಅಂತ ತಿಳಿದಿರಬೇಕು. 2010ರಲ್ಲಿ ಫ್ರಾನ್ಸ್‌ನ ಪಿಐಪಿ ಕಂಪನಿಯ ಇಂಪ್ಲಾಂಟ್‌ಗಳಲ್ಲಿ ಕೈಗಾರಿಕೆಯ ಸಿಲಿಕೋನ್ ತುಂಬಿದ್ದು ಬಯಲಾಗಿ ಅವನ್ನು ನಿಲ್ಲಿಸಿದರು. 2019ರಲ್ಲಿ ಅಲರ್ಗನ್ ಕಂಪನಿ ತರಿ ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಪ್ರಪಂಚದ ಎಲ್ಲ ಕಡೆ ವಾಪಸ್ ತೆಗೆದುಕೊಂಡಿತು, ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್‌ಗೆ ನಂಟು ಕಂಡಿದ್ದರಿಂದ. ಇಂಥ ಸುದ್ದಿ ಬಂದಾಗ ನಮ್ಮದು ಅದೇನಾ ಅಂತ ಗೊತ್ತಾಗುವುದು ಒಂದು ಚೀಟಿಯಿಂದ. ಇಂಪ್ಲಾಂಟ್ ಪೆಟ್ಟಿಗೆಯಲ್ಲಿ ಕಂಪನಿ, ಗಾತ್ರ, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಒಂದನ್ನು ಫೈಲಿಗೆ ಅಂಟಿಸಿ, ಇನ್ನೊಂದನ್ನು ಕಾರ್ಡ್ ಮಾಡಿ ಕೈಗೆ ಕೊಡುವುದು ರೂಢಿ. ಆಗಿನ ಬಿಲ್ಲು, ಇಮೇಲ್, ಹಳೇ ಪಾಸ್‌ಪೋರ್ಟ್ ಇಟ್ಟ ಕವರ್ ಎಲ್ಲ ಒಮ್ಮೆ ಜಾಲಾಡಿ. ನನ್ನ ಪರಿಚಯದ ಒಬ್ಬರಿಗೆ ಅದು ಸಿಕ್ಕಿದ್ದು ಹಳೇ ಸೂಟ್‌ಕೇಸಿನ ಜಿಪ್ ಒಳಗೆ, ಬೋರ್ಡಿಂಗ್ ಪಾಸ್ ಜೊತೆ. ಸಿಗದಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಒ‌ಡೆದಿದೆಯಾ ಅಂತ ನೋಡಿಸಿ. ಇಷ್ಟು ವರ್ಷ ಆದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ದಪ್ಪವಾದರೆ, ಗಂಟು ಸಿಕ್ಕರೆ ಕಾಯಬೇಡಿ. ಮ್ಯಾಮೊಗ್ರಾಂಗೆ ಹೋದಾಗ ಯಂತ್ರದ ಮುಂದೆ ನಿಲ್ಲುವ ಮೊದಲೇ ಇಂಪ್ಲಾಂಟ್ ಇದೆ ಅಂತ ಹೇಳಿ. ಅದಕ್ಕೆ ಅವರು ಬೇರೆ ಕೋನದ ಚಿತ್ರ ತೆಗೆಯಬೇಕಾಗುತ್ತದೆ.